ಬಣ್ಣ ಬರಲಿಲ್ಲ

ಸಿಂದಗಿಯ ಜನ ಜೈನುದ್ದೀನನಿಗೆ ಎರಡು ಹೆಸರು ಇಟ್ಟಿದ್ದರು. ಎದುರಿಗೆ ಸಿಕ್ಕಾಗ ‘ಸಾಯನ್ಸ್ ಮಾಸ್ತರ’ ಎಂದು ಕೈಯೆತ್ತುತ್ತಿದ್ದರು. ಅವನು ನಾಲ್ಕು ಹೆಜ್ಜೆ ಮುಂದೆ ಹೋದನೋ ಇಲ್ಲವೋ, ಅದೇ ಜನ ‘ಉಚ್ಚಿ ಮಾಸ್ತರ ಹೊಂಟ ನೋಡು’ ಎಂದು ಬಾಯಿಗೆ ವಲ್ಲಿ ಹಿಡಿದು ನಗುತ್ತಿದ್ದರು. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಡಾಕ್ಟರ್ ಬಸಂತರಾಯರ ದವಾಖಾನೆಯಲ್ಲಿ ಗುಳಿಗೆ ಇದ್ದವು, ಸೂಜಿ ಇದ್ದವು, ಗೋಡೆಗೆ ಒಂದು ದೊಡ್ಡ ಗಡಿಯಾರವೂ ಇತ್ತು. ಸಕ್ಕರೆ ರೋಗದವರ ಮೂತ್ರ ಪರೀಕ್ಷಿಸಲು ಬೇಕಾದ ಲವಣ, ಆಮ್ಲಗಳು ಮಾತ್ರ ಹೈಸ್ಕೂಲಿನ ಪ್ರಯೋಗದ ಖೋಲಿಯ ಕಪಾಟಿನಲ್ಲಿದ್ದವು. ಹೀಗಾಗಿ ಊರಿನ ದೊಡ್ಡ ದೊಡ್ಡ ಮನುಷ್ಯರ ಉಚ್ಚೆಯೆಲ್ಲ, ಕಾಗದದ ಬೂಚು ಹಾಕಿದ ಶೀಶೆಗಳಲ್ಲಿ, ಶಾಲೆಯ ಜವಾನ ಗುಡುಸಾಬನ ಕೈಯಲ್ಲಿ ಆ ಖೋಲಿಗೆ ಬರುತ್ತಿತ್ತು.

ಡಾಕ್ಟರರು ಕಲಿಸಿಕೊಟ್ಟ ಪರೀಕ್ಷೆಗಳು ಎರಡು. ಒಂದು ಸಕ್ಕರೆಯದು, ಇನ್ನೊಂದು ಅಸಿಟೋನಿನದು. ಈ ಎರಡನೆಯದಕ್ಕೆ ಮೂತ್ರದಲ್ಲಿ ಕರಗುವಷ್ಟು ಅಮೋನಿಯಂ ಸಲ್ಫೇಟ್ ಹಾಕಿ, ನೈಟ್ರೋಪ್ರಸೈಡಿನ ಒಂದೆರಡು ಕೆಂಪು ಹರಳು ಬಿಟ್ಟು, ಗಾಜಿನ ನಳಿಗೆಯನ್ನು ಓರೆ ಹಿಡಿದು ಅಂಚಿನಿಂದ ಅಮೋನಿಯಾ ಇಳಿಸಬೇಕು. ಎರಡು ದ್ರವ ಕೂಡುವಲ್ಲಿ ನೇರಳೆ ಬಣ್ಣದ ಬಳೆ ಮೂಡಿತೋ, ಆ ರೋಗಿಯ ಮೈ ಸಕ್ಕರೆಯನ್ನು ಬಳಸಲಾರದೆ ತನ್ನ ಕೊಬ್ಬನ್ನೇ ಎಗ್ಗಿಲ್ಲದೆ ಸುಡುತ್ತಿದೆ ಎಂದು ತಿಳಿಯಬೇಕು. ಅಸಿಟೋನು ಆ ಉರಿಯ ಹೊಗೆ. ಬಣ್ಣ ಬಂದ ದಿನ ಬಸಂತರಾಯರ ಮುಖ ಇಳಿಯುತ್ತಿತ್ತು. ರೋಗಿಯನ್ನು ಸೊಲ್ಲಾಪುರಕ್ಕೆ ಒಯ್ಯಿರಿ ಎನ್ನುತ್ತಿದ್ದರು. ಒಯ್ದವರಲ್ಲಿ ಮರಳಿ ಬಂದವರು ಕಡಿಮೆ. ಬಣ್ಣ ಬಾರದ ದಿನ ರೋಗಿಯ ಮನೆಯವರು ಜೈನುದ್ದೀನನನ್ನು ಕರೆದು ಚಹಾ ಕುಡಿಸುತ್ತಿದ್ದರು. ಎರಡು ವರ್ಷ ಹೀಗೇ ನಡೆದು ಅವನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕುಳಿತುಬಿಟ್ಟಿತು: ನೇರಳೆ ಬಂದರೆ ಸಾವು, ನೀರಿನಂತೆ ತಿಳಿಯಾಗಿದ್ದರೆ ಬದುಕು. ಬಿ.ಎಸ್ಸಿ. ಮಾಡಿದ ತಲೆ ಅದು. ಒಮ್ಮೆ ಒಳಗೆ ಹೋದದ್ದನ್ನು ಮತ್ತೆ ತೆಗೆದು ನೋಡುವ ರೂಢಿ ಆ ತಲೆಗೆ ಇರಲಿಲ್ಲ.

ಅವನ ಹೆಂಡತಿ ಖಾತುನಬಿ ಬಾಗೇವಾಡಿ ಕಡೆಯ ಗೊಳಸಂಗಿಯವಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವಳ ಮೊದಲ ಗಂಡುಮಗು ಅಬ್ದುಲಗನಿ ಎರಡೂವರೆ ವರ್ಷದವನಿದ್ದಾಗ ಜ್ವರ ಬಂದು ತೀರಿಹೋಗಿತ್ತು. ಜ್ವರ ಬಂದವರಿಗೆ ಅನ್ನ ಕೊಡಬಾರದು ಎಂಬುದು ಊರಿಗೆಲ್ಲ ಗೊತ್ತಿದ್ದ ವೈದ್ಯ. ಹಿಂದೂಗಳ ಮನೆಯಲ್ಲೂ ಅದೇ, ಮುಸಲ್ಮಾನರ ಮನೆಯಲ್ಲೂ ಅದೇ. ಎರಡು ದಿನ ಕಾಸಿದ ನೀರಿನ ಮೇಲೆ ಇಟ್ಟರು. ಮೂರನೆಯ ದಿನ ಬೆಳಿಗ್ಗೆ ಮಗು ಏಳಲಿಲ್ಲ. ಜ್ವರ ಒಯ್ಯಿತು ಎಂದರು ಎಲ್ಲರೂ. ಖಾತುನಬಿ ಒಬ್ಬಳೇ ಬೇರೆ ಮಾತು ಆಡಿದಳು: “ಜ್ವರಾ ರಾತ್ರಿನ ಇಳದಿತ್ರಿ. ನನ್ನ ಕೂಸಿನ್ನ ಹಸಿವಿ ಒಯ್ತು.”

ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೈನುದ್ದೀನನಿಗಂತೂ ಅದು ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಒಂದೆರಡು ದಿನದ ಹಸಿವಿಗೆ ಮನುಷ್ಯ ಸಾಯುವುದಿಲ್ಲ, ಮೈಯಲ್ಲಿ ಕೊಬ್ಬು ಇರುವುದೇ ಅದಕ್ಕೆ ಎಂದು ಅವನು ತಿಳಿಸಿ ಹೇಳಿದ್ದ. ಅವಳು ಹೂಂ ಎನ್ನುತ್ತಿದ್ದಳು, ತನಗೆ ತಿಳಿದದ್ದನ್ನೇ ಮಾಡುತ್ತಿದ್ದಳು. ಎರಡನೆಯವಳು ಮೆಹರಾಜ ಹುಟ್ಟಿದ ಮೇಲೆ ಹಾಸಿಗೆಯ ತಲೆಯ ಕಡೆ ಯಾವಾಗಲೂ ರೊಟ್ಟಿ ಬೆಲ್ಲ ಇರುತ್ತಿತ್ತು. ಕೋಳಿ ಕೂಗುವ ಮೊದಲೇ ಹುಡುಗಿಯನ್ನು ಅಲ್ಲಾಡಿಸಿ ಎಬ್ಬಿಸಿ ತಿನ್ನಿಸುತ್ತಿದ್ದಳು. ನೆರೆಯ ಹೆಂಗಸರು ‘ಮಗಳಿಗಿ ಮೇಯ್ಸಾಕತ್ತಾಳ’ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಹುಡುಗಿಗೆ ಏಳು ವರ್ಷ ತುಂಬಿತ್ತು, ಓಣಿಯ ತುಂಬ ಓಡಾಡುತ್ತಿತ್ತು. ಎಂದಾದರೂ ಬೆಳಗಿನ ತಿನಿಸು ತಡವಾದರೆ ಮಾತ್ರ ಹೊಸ್ತಿಲ ಮೇಲೆ ಮೆತ್ತಗೆ ಕುಳಿತುಬಿಡುತ್ತಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು ಒಡೆಯುತ್ತಿತ್ತು. ಎರಡು ತುತ್ತು ಒಳಗೆ ಹೋದರೆ ಮತ್ತೆ ಓಟ. ಮೆಹರಾಜಳ ಬೆನ್ನಿಗೆ ಹುಟ್ಟಿದ ದಾವಲಮಲಿಕನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಎದೆಹಾಲು ಬಿಟ್ಟಿರಲಿಲ್ಲ.

ಅರವತ್ನಾಲ್ಕನೆಯ ಇಸವಿಯಲ್ಲಿ ರಮಜಾನ್ ಥಂಡಿಯಲ್ಲಿ ಬಂತು. ಹೊಲದಲ್ಲಿ ಬಿಳಿಜೋಳ ತೆನೆ ಕಟ್ಟಿತ್ತು, ಕುಸುಬೆ ಹೂವಾಗಿತ್ತು. ಜೈನುದ್ದೀನನ ತಾಯಿ ಪೀರಬಿ ಸಾಲೋಟಗಿಯಿಂದ ಬರುವಾಗ ಮೊಮ್ಮಗಳಿಗೆ ಹಸಿರು ಫ್ರಾಕು ಹೊಲಿಸಿಕೊಂಡು ಬಂದಳು. ಮಕ್ಕಳು ಮೊದಲ ರೋಜಾ, ಅಂದರೆ ಹಗಲಿಡೀ ನೀರೂ ಮುಟ್ಟದ ಉಪವಾಸ, ಹಿಡಿದ ದಿನ ಹೊಸ ಬಟ್ಟೆ ತೊಡಿಸಿ, ಹೂವಿನ ಹಾರ ಹಾಕಿ, ಸಂಜೆ ನಾಲ್ಕು ಮನೆಯವರನ್ನು ಕರೆದು ರೋಜಾ ಬಿಡಿಸುವುದು ಪದ್ಧತಿ. ಗುಡುಸಾಬನ ಮಗಳು ಸಗೀರಾ ಮೊದಲನೆಯ ಶುಕ್ರವಾರವೇ ಹಿಡಿದು ಮುಗಿಸಿ, ಹಾರ ಹಾಕಿಕೊಂಡು ಓಣಿಯಲ್ಲಿ ಮೆರೆದಿದ್ದಳು. ಅಂದಿನಿಂದ ಮೆಹರಾಜಳದು ಒಂದೇ ಹಟ.

“ದಿನಾ ಸಣ್ಣವದಾವ. ಮುಂದ ರಮಜಾನ ಬ್ಯಾಸಗಿಗಿ ಬಂದ್ರ ಸಣ್ಣವರ ಕಡಿಂದ ಆಗೂದಿಲ್ಲ. ಒಂದ ರೋಜಾ ಹಿಡೀಲಿ ಬಿಡು,” ಎಂದಳು ಪೀರಬಿ.

“ಬ್ಯಾಡ್ರಿ ಅತ್ತಿ. ಅಕಿಗಿ ಹಸಿವಿ ತಡಿಯೂದಿಲ್ರಿ,” ಎಂದಳು ಖಾತುನಬಿ. ಅವಳ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಕೈಯಲ್ಲೇ ಉಳಿಯಿತು.

ಪೀರಬಿ ಸೊಸೆಯ ಮುಖ ನೋಡಿದಳು. ಮೊದಲ ಮೊಮ್ಮಗನನ್ನು ಮಣ್ಣು ಮಾಡಿದ ದಿನ ಅವಳೂ ಇದ್ದಳು. “ಬ್ಯಾಡಂದ್ರ ಬ್ಯಾಡ ಬಿಡವ್ವಾ. ಸಣ್ಣ ಮಕ್ಕಳ ಮ್ಯಾಲ ರೋಜಾ ಫರ್ಜ್ ಅಲ್ಲ. ಅಲ್ಲಾ ಕೇಳೂದಿಲ್ಲ. ಫ್ರಾಕ ಈದಿಗಿ ಹಾಕಿದ್ರಾತು.”

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಮುದುಕಿ ಬಿಟ್ಟರೂ ಕಲಿತವನು ಬಿಡಲಿಲ್ಲ. ಜೈನುದ್ದೀನ ಪಡಸಾಲೆಯಲ್ಲಿ ಕುಳಿತು ಪರೀಕ್ಷೆಯ ಪೇಪರು ತಿದ್ದುತ್ತಿದ್ದವನು ಪೆನ್ನು ಕೆಳಗಿಟ್ಟ. ಅವನಿಗೆ ರೋಜಾದ ಹಟವೇನೂ ಇರಲಿಲ್ಲ. ‘ಹಸಿವಿ’ ಎಂಬ ಆ ಒಂದು ಮಾತು ಅವನಿಗೆ ಚುಚ್ಚುತ್ತಿತ್ತು. ತಾನು ಎದುರಿಗೆ ಇದ್ದೂ, ಇಷ್ಟು ಓದಿದ್ದೂ ಮಗನನ್ನು ಉಪವಾಸ ಕೆಡವಿದೆ ಎಂದು ಅವಳು ಹೇಳುತ್ತಿದ್ದಾಳೆ ಎಂದೇ ಅವನಿಗೆ ಕೇಳಿಸುತ್ತಿತ್ತು.

“ನೋಡು, ಈ ಅಂಜಿಕಿಗಿ ಒಂದ ಸಲ ಅಖೇರಿ ಮಾಡೂಣು,” ಎಂದ. “ನಾಳೆ ಹತ್ತರ ತನಕ ಅಕಿಗಿ ಏನೂ ಕೊಡಬ್ಯಾಡ. ನಾ ಸಾಲ್ಯಾಗ ಪರೀಕ್ಷಾ ಮಾಡ್ತೇನಿ. ಮೈಯಾಗ ಏನರ ಕೆಡುಕ ಇದ್ರ ಬಣ್ಣಾ ಬರ್ತೈತಿ. ಬಂದ್ರ ನೀ ಅಂದಂಗ. ಬರಲಿಲ್ಲಂದ್ರ ಇನ್ನ ಮ್ಯಾಲ ಹಸಿವಿ ಹಸಿವಿ ಅನ್ನಬಾರದು.”

ಮರುದಿನ ರವಿವಾರ. ಖಾತುನಬಿ ಮಗಳನ್ನು ಕಳಿಸಿ ಬಾಗಿಲಲ್ಲಿ ನಿಂತಳು. ಗುಡುಸಾಬ ಖೋಲಿಯ ಕೀಲಿ ತೆಗೆದುಕೊಟ್ಟ. ಮೆಹರಾಜ ಎತ್ತರದ ಸ್ಟೂಲಿನ ಮೇಲೆ ಕುಳಿತು ಮೇಜಿಗೆ ಗದ್ದ ಊರಿ ನೋಡಿದಳು. ಜೈನುದ್ದೀನ ಸಲ್ಫೇಟ್ ಹಾಕಿದ, ಹರಳು ಹಾಕಿದ, ಅಮೋನಿಯಾ ಇಳಿಸಿದ. ಐದು ನಿಮಿಷ ಕಾದ. ಮತ್ತೊಂದು ನಳಿಗೆಯಲ್ಲಿ ಮತ್ತೆ ಮಾಡಿದ. ಎರಡೂ ತಿಳಿಯಾಗಿದ್ದವು. ಸಕ್ಕರೆಯ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ.

“ಬಣ್ಣಾ ಬರಲಿಲ್ಲೇನು ಅಬ್ಬಾ?” ಎಂದಳು ಮೆಹರಾಜ ಸಪ್ಪಗೆ. ಅವಳಿಗೆ ಬಣ್ಣ ನೋಡುವ ಆಸೆಯಿತ್ತು.

“ಇಲ್ಲ ಮಗಳ. ಬರಬಾರದು,” ಎಂದು ಅವಳನ್ನು ಎತ್ತಿಕೊಂಡ. ಫ್ರಾಕಿನ ಬೆನ್ನು ಒದ್ದೆಯಾಗಿತ್ತು. ಆ ಥಂಡಿಯಲ್ಲಿ ಏಕೆ ಬೆವರಿದಳು ಎಂದು ಒಂದು ಕ್ಷಣ ಅನಿಸಿತು; ಖೋಲಿಯಲ್ಲಿ ಗಾಳಿ ಇಲ್ಲ ಎಂದುಕೊಂಡ. ಹೊರಗೆ ಬಂದು ಬಾಳೆಹಣ್ಣು ಕೊಡಿಸಿದ, ಅವಳು ಎರಡು ತಿಂದಳು. ದಾರಿಯಲ್ಲಿ ಬಸಂತರಾಯರು ಸಿಕ್ಕಾಗ ವಿಷಯ ಹೇಳಿದ. “ಅಸಿಟೋನ ಇಲ್ಲಲ್ಲ? ಸಕ್ಕರಿನೂ ಇಲ್ಲ? ಹಂಗಾರ ಹುಡುಗಿ ಗಟ್ಟಿ ಐತಿ ಮಾಸ್ತರ,” ಎಂದರು ಅವರು. ಜೈನುದ್ದೀನ ಆ ತಿಳಿ ನಳಿಗೆಯನ್ನು ಬೂಚು ಹಾಕಿ ಮನೆಗೆ ತಂದು ಹೆಂಡತಿಯ ಮುಂದೆ ಹಿಡಿದ. ಗೆದ್ದ ಸಂತೋಷವಿತ್ತು ಅವನಿಗೆ. ಮಗಳು ಗಟ್ಟಿ ಇದ್ದಾಳೆ ಎಂಬುದಕ್ಕಿಂತ ತನ್ನ ಮಾತು ಗಟ್ಟಿಯಾಯಿತು ಎಂಬ ಸಂತೋಷವೇ ಹೆಚ್ಚಿತ್ತು.

ಖಾತುನಬಿ ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ನೀವು ಓದಿದವರು. ನನಗೇನ ತಿಳೀತದರಿ,” ಎಂದು ವಾಪಸು ಕೊಟ್ಟಳು.

ರಮಜಾನಿನ ಐದನೆಯ ದಿನ ಮೆಹರಾಜಳ ರೋಜಾ. ಎರಡು ದಿನದಿಂದ ಅವಳಿಗೆ ನೆಗಡಿಯಾಗಿತ್ತು. ನಸುಕಿನ ಸಹರಿ ಊಟಕ್ಕೆ ಎಬ್ಬಿಸಿದಾಗ ಅರೆನಿದ್ದೆಯಲ್ಲೇ ಎರಡು ತುತ್ತು ತಿಂದು ತಾಯಿಯ ಭುಜದ ಮೇಲೆ ಮಲಗಿಬಿಟ್ಟಳು. ಬೆಳಗಾದ ಮೇಲೆ ಮಾತ್ರ ಹಸಿರು ಫ್ರಾಕು ಹಾಕಿಕೊಂಡು ಮನೆಮನೆಗೆ ಹೋಗಿ ‘ನನ್ನ ರೋಜಾ ಐತಿ’ ಎಂದು ಹೇಳಿ ಬಂದಳು. ಜೈನುದ್ದೀನ ಶಾಲೆಗೆ ಹೋದ. ಶಾಲೆಯಿಂದ ನೇರವಾಗಿ ಮಸೀದಿಗೆ ಹೋಗಿ ಸಂಜೆಯ ಅಸರ್ ನಮಾಜು ಮುಗಿಸಿ ಮನೆಗೆ ಬರುವ ಹೊತ್ತಿಗೆ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ತಾಟಿನಲ್ಲಿ ಖಜೂರಿ, ಹೋಳು ಮಾಡಿದ ಪೇರಲ, ಮಲೀದಾ. ಓಣಿಯ ಹೆಂಗಸರು ಬಂದು ಕುಳಿತಿದ್ದರು. ಮೆಹರಾಜ ಕೊರಳಲ್ಲಿ ಸೇವಂತಿಗೆಯ ಹಾರ ಹಾಕಿಕೊಂಡೇ ಮೂಲೆಯಲ್ಲಿ ಮಲಗಿದ್ದಳು.

“ಮಲಗ್ಲಿ ಬಿಡು, ಹೊತ್ತ ಹೋಗ್ತೈತಿ,” ಎಂದಳು ಪೀರಬಿ. ಜೈನುದ್ದೀನನೂ ಹೌದು ಎಂದ. ಖಾತುನಬಿ ಅಡುಗೆಮನೆಯಿಂದ ಎರಡು ಸಲ ಬಂದು ಮಗಳ ಹಣೆ ಮುಟ್ಟಿ ಹೋದಳು.

ಹೊತ್ತು ಮುಳುಗಿ ಮಗ್ರಿಬ್ ಬಾಂಗು ಆಯಿತು. ಪೀರಬಿ ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಖಜೂರಿ ಇಟ್ಟಳು. ಹುಡುಗಿ ಅಗಿಯಲಿಲ್ಲ. ಕುತ್ತಿಗೆ ಒಂದು ಕಡೆ ವಾಲಿತು. ಎಲ್ಲರೂ ನಿದ್ದೆ ಎಂದುಕೊಂಡು ನಕ್ಕರು. ಖಾತುನಬಿ ಮಾತ್ರ ಕೈಯಲ್ಲಿದ್ದ ತಂಬಿಗೆ ಬಿಟ್ಟು ಓಡಿಬಂದಳು. ಬಸಂತರಾಯರು ಬಂದು ಒಂದು ಸೂಜಿ ಹಾಕಿದರು, ಮತ್ತೊಂದು ಹಾಕಿದರು. ಹುಡುಗಿಯ ಕೈಕಾಲು ಸೆಟೆದು ಸೆಟೆದು ನಿಂತವು. ರಾತ್ರಿಯ ಇಶಾದ ಬಾಂಗು ಆಗುವ ಮೊದಲೇ ಎಲ್ಲ ಮುಗಿಯಿತು. ಡಾಕ್ಟರರು ಹೊಟ್ಟೆ ಮುಟ್ಟಿ ನೋಡಿ, “ಯಕೃತ್ತ ಇಷ್ಟ ದಪ್ಪ ಯಾಕ ಐತಿ,” ಎಂದು ತಮಗೇ ಹೇಳಿಕೊಂಡರು. ಮಿದುಳಿಗೆ ಜ್ವರ ಏರಿರಬೇಕು ಎಂದರು. ಜ್ವರ ಇರಲಿಲ್ಲ.

ಊರಿನವರು ಬಂದರು, ಹೋದರು. ರಮಜಾನಿನಲ್ಲಿ, ರೋಜಾದಲ್ಲಿ ಹೋದ ಕೂಸು, ಸೀದಾ ಜನ್ನತ್ತಿಗೆ ಹೋಗುತ್ತದೆ, ಲೋಕ ಮುಗಿಯುವ ಕಿಯಾಮತ್ತಿನ ದಿನ ತಾಯಿತಂದೆಯ ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತದೆ ಎಂದು ಎಲ್ಲರೂ ಹೇಳಿದರು. ಖಾತುನಬಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೂರು ದಿನ ಬಾಯಿಗೆ ಏನೂ ಹಾಕಿಕೊಳ್ಳದವಳು ಆ ಮಾತು ಕೇಳಿದ ಮೇಲೆ ನಾಲ್ಕು ತುತ್ತು ತಿಂದಳು. ಹಸಿವಿನ ಮಾತನ್ನು ಮತ್ತೆ ಎತ್ತಲಿಲ್ಲ. ಗಂಡ ಪರೀಕ್ಷೆ ಮಾಡಿ ತೋರಿಸಿದ್ದನಲ್ಲ, ಹಸಿವು ಅಲ್ಲ ಎಂದು. ದಾವಲಮಲಿಕನನ್ನು ಬೆಳಗಿನ ಜಾವ ಎಬ್ಬಿಸಿ ತಿನ್ನಿಸುವುದನ್ನೂ ಬಿಟ್ಟಳು.

ರಮಜಾನಿನ ಕೊನೆಯ ವಾರ ಡಾಕ್ಟರರಿಂದ ಒಂದು ಶೀಶೆ ಬಂತು. ಮಗಳು ಕುಳಿತಿದ್ದ ಆ ಖೋಲಿಗೆ ಅವಳು ಹೋದ ಮೇಲೆ ಜೈನುದ್ದೀನ ಕಾಲಿಟ್ಟಿರಲಿಲ್ಲ. ಬಂದ ಕೆಲಸ ಬಿಡುವಂತಿರಲಿಲ್ಲ. ಅಮೋನಿಯಾ ಹಳತಾಗಿತ್ತು, ರಾಸಾಯನಿಕಗಳು ಸರಿ ಇವೆಯೋ ಇಲ್ಲವೋ ನೋಡಲು, ರೋಗವಿಲ್ಲದವನ ಮೂತ್ರ ಒಂದು ಇರಲಿ ಎಂದು ತನ್ನದನ್ನೇ ಒಂದು ನಳಿಗೆಯಲ್ಲಿ ಹಿಡಿದ. ಸಂಜೆ ನಾಲ್ಕು ಗಂಟೆ. ಅವನದೂ ರೋಜಾ ಇತ್ತು. ಅಮೋನಿಯಾ ಇಳಿಸಿದ. ತೆಳ್ಳಗೆ ನೇರಳೆ ಬಳೆ ಮೂಡಿತು.

ತನಗೂ ಸಕ್ಕರೆ ರೋಗ ಬಂತು ಎಂದುಕೊಂಡ. ಅವನಿಗೆ ಹೆದರಿಕೆಯೇನೂ ಆಗಲಿಲ್ಲ, ಬಂದರೆ ಬರಲಿ ಅನಿಸಿತು. ಸಕ್ಕರೆಯ ಪರೀಕ್ಷೆ ಮಾಡಿದ. ಸಕ್ಕರೆ ಇರಲಿಲ್ಲ. ಗುಡುಸಾಬನನ್ನು ಕರೆದು ಅವನದನ್ನು ಹಿಡಿದುಕೊಡು ಎಂದ. ಗುಡುಸಾಬನಿಗೆ ಇಂಥ ಮಾತು ಹೊಸದಲ್ಲ, ಹಿಡಿದುಕೊಟ್ಟ. ಅದರಲ್ಲೂ ನೇರಳೆ. ಮಧ್ಯಾಹ್ನ ಊಟ ಮಾಡಿ ಬಂದಿದ್ದ ಕಾರಕೂನ ಖಂಡೆಪ್ಪನದು ಮಾತ್ರ ತಿಳಿಯಾಗಿತ್ತು. ಜೈನುದ್ದೀನ ಮೂರೂ ನಳಿಗೆಗಳನ್ನು ಸಾಲಾಗಿ ಇಟ್ಟು ನೋಡಿದ.

“ಗುಡುಸಾಬ, ಸಗೀರಾಂದು ಇವತ್ತ ರೋಜಾ ಐತೇನು?”

“ಹೌದ್ರಿ ಸರ. ಒಂದ ಹಿಡದಾಕಿ ಈಗ ಬಿಡವಲ್ಲಳ್ರಿ.”

ಸಗೀರಾಳ ಶೀಶೆ ಬಂತು. ಅದರಲ್ಲಿ ಮೂಡಿದ ಬಣ್ಣ ಎಷ್ಟು ಗಾಢವಾಗಿತ್ತೆಂದರೆ, ಅಂಥದ್ದನ್ನು ಅವನು ಸೊಲ್ಲಾಪುರಕ್ಕೆ ಹೋದವರ ನಳಿಗೆಗಳಲ್ಲಿ ಮಾತ್ರ ಕಂಡಿದ್ದ. ಸಗೀರಾ ಮಾತ್ರ ಹೊರಗೆ ಅಂಗಳದಲ್ಲಿ ಕುಂಟಾಟ ಆಡುತ್ತಿದ್ದಳು.

ಧಾರವಾಡದಲ್ಲಿ ಓದುವಾಗ ಕೊಂಡಿದ್ದ ಜೀವರಸಾಯನದ ಪುಸ್ತಕ ಕಪಾಟಿನ ಮೇಲಿತ್ತು. ಆ ಪಾಠವನ್ನು ಅವನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ, ಆದರೆ ಓದಿರಲಿಲ್ಲ. ಈಗ ಓದಿದ. ತುಪ್ಪವಾಗಲಿ ಕುಸುಬೆ ಎಣ್ಣೆಯಾಗಲಿ, ಮೈಯೊಳಗಿನ ಕೊಬ್ಬೆಲ್ಲ ಇಂಗಾಲದ ಉದ್ದುದ್ದ ಸರಪಳಿ; ಹದಿನಾರು, ಹದಿನೆಂಟು ಕೊಂಡಿ. ತಿಂದದ್ದು ಕರಗಿ ಸಕ್ಕರೆ ಮುಗಿದಾಗ ಜೀವಕೋಶಗಳು ಈ ಸರಪಳಿಯನ್ನು ಉರುವಲು ಮಾಡಿಕೊಳ್ಳುತ್ತವೆ. ಆದರೆ ಅದು ಇಡಿಯಾಗಿ ಉರಿಯುವುದಿಲ್ಲ. ಕಿಣ್ವಗಳು ಒಂದರ ಹಿಂದೆ ಒಂದು ನಿಂತು, ತುದಿಯಿಂದ ಎರಡೆರಡೇ ಕೊಂಡಿ ಕತ್ತರಿಸಿ ಕೊಡಬೇಕು. ಆ ತುಂಡುಗಳು ಉರಿದರೇ ಶಕ್ತಿ. ಯಕೃತ್ತು ಅವುಗಳಲ್ಲಿ ಕೆಲವನ್ನು ಜೋಡಿಸಿ ರಕ್ತಕ್ಕೆ ಬಿಡುತ್ತದೆ. ಹಸಿದ ಗುಂಡಿಗೆ, ಹಸಿದ ಸ್ನಾಯು ಅದನ್ನೇ ಉಂಡು, ಇದ್ದ ಚೂರು ಸಕ್ಕರೆಯನ್ನು ಮಿದುಳಿಗೆ ಉಳಿಸುತ್ತವೆ. ಅಸಿಟೋನು ಬರುವುದು ಅದರಿಂದ. ಸಕ್ಕರೆ ರೋಗದಲ್ಲಿ ಅದು ಮಿತಿಮೀರಿ ಬರುತ್ತದೆ, ಸರಿ. ಆದರೆ ಹಸಿದ ಪ್ರತಿಯೊಂದು ಮೈಯಲ್ಲೂ ಅದು ಬರಲೇಬೇಕು. ಹಸಿದ ಮಗುವಿನಲ್ಲಂತೂ ಹೆಚ್ಚು ಬರಬೇಕು.

ಮೆಹರಾಜ ರಾತ್ರಿ ಎಂಟಕ್ಕೆ ಉಂಡು ಮರುದಿನ ಹತ್ತರ ತನಕ ಹಸಿದಿದ್ದಳು. ಬಣ್ಣ ಬರಲಿಲ್ಲ. ಎರಡು ನಳಿಗೆಯಲ್ಲೂ ಬರಲಿಲ್ಲ.

ಅವನು ಓಡಿಕೊಂಡೇ ಬಸಂತರಾಯರ ದವಾಖಾನೆಗೆ ಹೋದ. ಡಾಕ್ಟರರು ಎಲ್ಲ ಕೇಳಿಕೊಂಡರು. ದಪ್ಪವಾಗಿದ್ದ ಯಕೃತ್ತು ಅವರಿಗೂ ನೆನಪಾಗಿರಬೇಕು. ಸುಡಲಾಗದ ಕೊಬ್ಬು ಅಲ್ಲಿ ಬಂದು ಬಿದ್ದಿತ್ತು.

“ಸಕ್ಕರಿ ಅರಗಿಸೂ ಕಿಣ್ವ ಹುಟ್ಟತನ ಇಲ್ಲದ ಮಕ್ಕಳ ಬಗ್ಗೆ ಓದೇನಿ,” ಎಂದರು. “ಕೊಬ್ಬಿಂದು ಎಲ್ಲೂ ಓದಿಲ್ಲ. ಯಾರೂ ಬರದಿಲ್ಲ. ಆದ್ರ ನೀವು ಹೇಳೂದು ಖರೆ ಇರಬೇಕು ಮಾಸ್ತರ.”

“ಔಷಧ ಏನ್ರಿ ಇದಕ್ಕ?”

“ಇಲ್ಲದ ಕಿಣ್ವ ಎಲ್ಲಿಂದ ತರೂದ್ರಿ? ಹಸಿಯಾಕ ಬಿಡಬಾರದು, ಅಷ್ಟ. ಜ್ವರಾ ಬಂದು, ವಾಂತಿ ಆಗಿ, ಹೊಟ್ಯಾಗ ಏನೂ ನಿಲ್ಲದ ದಿನ ಬರ್ತೈತಿ. ಅವತ್ತ ಸಕ್ಕರಿ ನೀರಿನ ಸೂಜಿ ಹಾಕಬಹುದು. ಆದ್ರ ಎಷ್ಟ ಸಲ?” ಡಾಕ್ಟರರು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು. “ಮನ್ಯಾಗ ಹೇಳಬ್ಯಾಡ್ರಿ. ಹೋದದ್ದ ಹೋತು. ಹೇಳಿ ಏನ ಮಾಡೂದೈತಿ?”

ಜೈನುದ್ದೀನ ಅವರ ಮಾತು ಕೇಳಿದ. ಕೇಳುವುದು ಸುಲಭವಾಗಿತ್ತು. ಹೇಳಿದರೆ ಖಾತುನಬಿಯ ಕೈಯಲ್ಲಿ ಉಳಿದ ಒಂದೇ ಒಂದು ಸಮಾಧಾನವೂ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಅರ್ಧ ಖರೆ. ಇನ್ನರ್ಧ, ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಈದು ಬಂತು, ಹೋಯಿತು. ಈದಿನ ಮೂರನೆಯ ದಿನ ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಒಂದು ಗಂಟು ಕಟ್ಟಿಟ್ಟಿತ್ತು. ಪೀರಬಿ ದಾವಲಮಲಿಕನ ತಲೆ ಬಾಚುತ್ತಿದ್ದಳು.

“ಎರಡ ವರ್ಷ ಆಗಾಕ ಬಂತು, ಇವನ ಮೊಲಿ ಬಿಡಿಸಬೇಕು,” ಎಂದಳು. “ತಾಯಿ ಕಣ್ಣಮುಂದ ಇದ್ರ ಬಿಡೂದಿಲ್ಲ. ನಾ ಸಾಲೋಟಗಿಗಿ ಕರಕೊಂಡ ಹೊಂಟೇನಿ. ಎರಡ ದಿನಾ ಅಳ್ತಾನ, ಏನೂ ತಿನ್ನೂದಿಲ್ಲ. ಮೂರನೇ ದಿನಕ್ಕ ತಾನ ಹಾದಿಗಿ ಬರ್ತಾನ. ನಿಮ್ಮೆಲ್ಲಾರಿಗೂ ಹಂಗ ಬಿಡಿಸೇನಿ.”

ಖಾತುನಬಿ ಗೋಡೆಗೆ ಒರಗಿ ಕುಳಿತಿದ್ದಳು. “ಹೋಗ್ಲಿ. ಅಲ್ಲಿ ಅರ ನಕ್ಕೊಂಡ ಇರ್ತಾನ,” ಎಂದಳು.

ಜೈನುದ್ದೀನ ನಿಂತಲ್ಲೇ ನಿಂತ. ಎರಡು ದಿನ ಏನೂ ತಿನ್ನುವುದಿಲ್ಲ. ದಾವಲಮಲಿಕ ಅಣ್ಣನ ಹಾಗೆ ಇದ್ದಾನೋ, ಅಕ್ಕನ ಹಾಗೆ ಇದ್ದಾನೋ, ಅಥವಾ ಸಗೀರಾಳ ಹಾಗೆ ಇದ್ದಾನೋ ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಒಂದೇ ಹಾದಿ, ಮಗುವನ್ನು ಹಸಿಯಗೊಟ್ಟು ಬಣ್ಣ ಬರುತ್ತದೋ ಇಲ್ಲವೋ ನೋಡುವುದು. ಬರಲಿಲ್ಲವೆಂದರೆ ಅಷ್ಟು ಹೊತ್ತಿಗೆ ಮಗು ಅರ್ಧ ಹೋಗಿರುತ್ತದೆ. ಆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವ ಕೈ ಅವನಿಗೆ ಇರಲಿಲ್ಲ.

“ಖಾತುನಬಿ, ಒಳಗ ಬಾ,” ಎಂದ.

ಅಡುಗೆಮನೆಯಲ್ಲಿ ಅವಳನ್ನು ಕೂರಿಸಿ, ತಾನು ಒಲೆಯ ಮುಂದೆ ಕುಳಿತು ಹೇಳಿದ. ಸರಪಳಿ, ಇಂಗಾಲ ಎಂದು ಸುರು ಮಾಡಿ ಮಾತು ತಡವರಿಸಿತು. ಒಲೆಯ ಪಕ್ಕದ ಜಾಲಿಯ ಬೊಡ್ಡೆ ತೋರಿಸಿದ. “ಇಂಥಾ ಬೊಡ್ಡಿ ಮನಿ ತುಂಬ ಐತಿ ಅಂತ ತಿಳಿ. ಕೊಡ್ಲಿ ಇಲ್ಲ. ಕಡದ ಸಣ್ಣ ಮಾಡ್ಲಿಲ್ಲಂದ್ರ ಒಲ್ಯಾಗ ಹೋಗೂದಿಲ್ಲ. ಸಣ್ಣ ಪುಳ್ಳಿ ತೀರೂತನಾ ಉರೀತೈತಿ, ತೀರಿದ ಮ್ಯಾಲ ಒಲಿ ಆರ್ತೈತಿ. ಎಲ್ಲಾರ ಮೈಯಾಗೂ ಆ ಕೊಡ್ಲಿ ಇರ್ತೈತಿ. ನಮ್ಮ ಮಕ್ಕಳ ಮೈಯಾಗ ಇರಲಿಲ್ಲ. ಅದು ಹುಟ್ಟತನ. ನನ್ನಿಂದ ಅರ್ಧಾ, ನಿನ್ನಿಂದ ಅರ್ಧಾ ಬಂದದ್ದು. ಅದಕ್ಕ ಮದ್ದಿಲ್ಲ.”

ಅವಳು ರೆಪ್ಪೆ ಬಡಿಯದೆ ಕೇಳಿದಳು. “ಹಂಗಾದ್ರ ಅಬ್ದುಲಗನಿನ್ನ ಒಯ್ದದ್ದು ಹಸಿವೀನ.”

“ಹೌದು.”

“ಮೆಹರಾಜನ್ನೂ.”

“ಹೌದು. ನೀ ಅಂದದ್ದ ಖರೆ ಇತ್ತು.”

“ಶೀಶೇದಾಗ ಬಣ್ಣಾ ಬರಲಿಲ್ಲಲ್ರಿ?”

“ಬರಬೇಕಿತ್ತು. ಬರಲಿಲ್ಲ ಅನ್ನೂದ ಕೆಡುಕು. ನಾ ಉಲ್ಟಾ ತಿಳಕೊಂಡೆ.”

ಖಾತುನಬಿ ಎದ್ದಳು. ಪಡಸಾಲೆಗೆ ಹೋಗಿ, “ಅತ್ತಿ, ಗಂಟ ಬಿಚ್ಚರಿ. ಇವ ಎಲ್ಲಿಗೂ ಬರೂದಿಲ್ಲ,” ಎಂದು ಹೇಳಿ ಮಗುವನ್ನು ಎತ್ತಿಕೊಂಡು ಬಂದಳು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸತೊಡಗಿದಳು. ಮಗು ಬಾಯಿ ತಿರುಗಿಸಿದಾಗಲೂ ಗಲ್ಲ ಹಿಡಿದು ತುರುಕಿದಳು. ಇನ್ನು ಇವನು ದೊಡ್ಡವನಾಗುವತನಕ, ಪ್ರತಿ ಜ್ವರಕ್ಕೆ, ಪ್ರತಿ ವಾಂತಿಗೆ, ಪ್ರತಿ ಬೆಳಗಿಗೆ ಹೀಗೇ ಎಂದು ಜೈನುದ್ದೀನ ನೋಡುತ್ತ ಕುಳಿತ. ದೊಡ್ಡವನಾದರೆ.

“ಅವತ್ತ ರೋಜಾದ ನಡುವ ಒಂದೀಟ ಸಕ್ಕರಿ, ಬೆಲ್ಲಾ ಏನರ ತಿಂದಿದ್ರ?” ಎಂದಳು ಅವಳು, ಅವನ ಕಡೆ ನೋಡದೆ.

ಸುಳ್ಳು ಹೇಳಬಹುದಿತ್ತು. ಅವನಿಗೆ ಹೊಳೆಯಲಿಲ್ಲ. “ಉಳೀತಿದ್ಲು,” ಎಂದ.

ಅವಳು ಮತ್ತೊಂದು ತುತ್ತು ಕಲಸಿದಳು.

“ನೀವು ಸಾಲ್ಯಾಗ ಇದ್ರಿ. ಮೂರು ಹೊಡದಿತ್ತು. ಇಲ್ಲೇ ಬಂದು ನಿಂತ್ಲು. ‘ಅಮ್ಮಾ, ನನಗ ರೋಜಾ ಸಾಕು, ಬೆಲ್ಲಾ ಕೊಡು’ ಅಂದ್ಲು. ನಾ ಡಬ್ಬಿ ತಗದಿದ್ದೆ. ಕೈಯಾಗ ಬೆಲ್ಲಾ ಹಿಡದಿದ್ದೆ. ಮತ್ತ ನಿಮ್ಮ ಮಾತ ನೆನಪಾತು. ‘ಅಬ್ಬಾ ಶೀಶೇದಾಗ ಹಾಕಿ ನೋಡ್ಯಾರವ್ವಾ, ನಿನಗ ಏನೂ ಆಗೂದಿಲ್ಲ’ ಅಂತ ಹೇಳಿ, ಡಬ್ಬಿ ಮುಚ್ಚಿ, ತಟ್ಟಿ ಮಲಗಿಸಿದೆ.”